ಪಂಚಮಿಯ ಹೋಗಿಬರುವ ಟಿಕೀಟು

ಹೋಗಿಬರುವ ಟಿಕೀಟು ನಮ್ಮ ಮಾರ್ಗಕ್ಕೆ ಬಂದಾಗ ಪಂಚಮಿಗೆ ಇನ್ನು ನಾಲ್ಕೆಂಟು ದಿನ ಉಳಿದಿತ್ತು. ಬೆಳಿಗ್ಗೆ ಜಮಖಂಡಿ ಡಿಪೋದಲ್ಲಿ ಟಿಕೀಟಿನ ಪೆಟ್ಟಿಗೆ ತೆಗೆದುಕೊಳ್ಳಲು ಹೋದೆ. ಕ್ಯಾಶಿಯರು ದಿನದ ಕಟ್ಟುಗಳ ಜೊತೆಗೆ ಒಂದು ನೀಲಿ ಕಟ್ಟನ್ನೂ ನನ್ನ ಕಡೆ ತಳ್ಳಿದರು. ಬಿಳಿಯದು ಪೂರಾ ಟಿಕೀಟು, ಗುಲಾಬಿ ಮಕ್ಕಳ ಅರ್ಧ ಟಿಕೀಟು, ಹಳದಿ ಲಗೇಜಿನದು. ಈ ಮೂರರ ಕಾಯಿದೆಗಳು ನನಗೆ ಬಾಯಿಪಾಠವಾಗಿದ್ದವು. ನೀಲಿಯದು ಮಾತ್ರ ಉಳಿದವಕ್ಕಿಂತ ಎರಡರಷ್ಟು ಉದ್ದ, ಹರಿಯಲು ಅನುಕೂಲವಾಗಲೆಂದು ನಡುವೆ ಸಣ್ಣ ತೂತುಗಳ ಸಾಲು. ಹೋಗುವಾಗ ಒಂದು ಭಾಗ ಹರಿದುಕೊಳ್ಳಬೇಕು, ಇನ್ನೊಂದು ಭಾಗ ಪ್ರಯಾಣಿಕನ ಕೈಯಲ್ಲಿ ಉಳಿಯಬೇಕು. ಎರಡು ಪೂರಾ ಟಿಕೀಟಿಗಿಂತ ಕೆಲವು ಆಣೆ ಅಗ್ಗ. ಮರುದಿನದೊಳಗೆ ಮರಳಬೇಕು. ಮರಳುವವರಿಗೆ ಸೀಟು ಮೊದಲು.

ಡಿಪೋ ಸಾಹೇಬರು ಕಂಡಕ್ಟರುಗಳನ್ನೆಲ್ಲ ನಿಲ್ಲಿಸಿಕೊಂಡು ಕಾಯಿದೆ ಓದಿ ಹೇಳಿದರು. ಟಿಕೀಟಿನ ಎರಡೂ ಭಾಗಗಳ ಅಂಚಿನಲ್ಲಿ ಪುರುಷ, ಸ್ತ್ರೀ ಎಂದು ಮರಾಠಿಯಲ್ಲಿ ಅಚ್ಚಾಗಿತ್ತು. ಕೊಡುವಾಗಲೇ ಪಂಚಿನಿಂದ ಎರಡು ಕಡೆಯೂ ತೂತು ಹೊಡೆಯಬೇಕು, ಯಾಕೆಂದರೆ ಹೋದವನೇ ಮರಳಬೇಕು. ಒಬ್ಬರ ಟಿಕೀಟಿನ ಮೇಲೆ ಇನ್ನೊಬ್ಬರು ಬಂದರೆ ಅವರನ್ನು ಇದ್ದಲ್ಲೇ ಇಳಿಸಬೇಕು, ಕೂರಿಸಿಕೊಂಡು ಬಂದ ಕಂಡಕ್ಟರನು ಮನೆಗೆ ಹೋಗಬೇಕು. ಕೊನೆಯ ಮಾತನ್ನು ಅವರು ಕಾಗದ ನೋಡದೆ ಹೇಳಿದರು.

ನಾನಿನ್ನೂ ಕಚ್ಚಾ ನೌಕರ. ದಸರೆಗೆ ಪಕ್ಕಾ ಆಗುವುದಿತ್ತು. ನನ್ನ ಜೊತೆಗೇ ಸೇರಿದ್ದ ಬನಹಟ್ಟಿಯ ಹುಡುಗನನ್ನು ಹಿಂದಿನ ತಿಂಗಳು ಒಂದೇ ಒಂದು ತಪ್ಪು ಟಿಕೀಟಿಗಾಗಿ ಕಳಿಸಿಬಿಟ್ಟಿದ್ದರು. ಅವನು ಹೋಗಿ ಅಪ್ಪನ ಮಗ್ಗದ ಮುಂದೆ ಕುಳಿತ. ನನಗೆ ಕುಳಿತುಕೊಳ್ಳಲು ಮಗ್ಗವಿರಲಿಲ್ಲ, ಹೊಲವೂ ಇರಲಿಲ್ಲ. ಸಂಸ್ಥಾನದ ಕಚೇರಿಯಲ್ಲಿ ಜವಾನರಾಗಿದ್ದ ನಮ್ಮಪ್ಪ, ಸಂಸ್ಥಾನವೆಲ್ಲ ಮುಂಬಯಿ ರಾಜ್ಯದಲ್ಲಿ ಸೇರಿದ ಮೇಲೆ ಮನೆ ಹಿಡಿದಿದ್ದರು. ನನ್ನ ಖಾಕಿ ಅಂಗಿಯ ಮೇಲೆ ಒಂದು ಮನೆಯೇ ನಿಂತಿತ್ತು. ನಾನು ಮೊದಲಿನಿಂದಲೂ ಅಂಜುಬುರುಕ. ಮನೆಯಿಂದ ಹೊರಬಿದ್ದ ಮೇಲೂ ಕೀಲಿ ಹಾಕಿದೆನೋ ಇಲ್ಲವೋ ಎಂದು ಹಿಂದಿರುಗಿ ನೋಡುವ ಜಾತಿ.

ನನ್ನ ಗಾಡಿ ಮುಧೋಳದ ಮೇಲೆ ಬೀಳಗಿಗೆ ಹೋಗಿ, ರಾತ್ರಿ ಅಲ್ಲೇ ತಂಗಿ, ಮರುದಿನ ಬೆಳಿಗ್ಗೆ ಜಮಖಂಡಿಗೆ ಮರಳುತ್ತಿತ್ತು. ಆ ದಿನ ಹತ್ತಿದವರೆಲ್ಲ ಬರೀ ಗಂಡಸರು. ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಅಕ್ಕತಂಗಿಯರ ಗಂಡನ ಮನೆಗೆ ಹೋಗಿ ಅವರನ್ನು ತವರಿಗೆ ಕರೆತರುತ್ತಾರೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಉಂಡಿಯ ಡಬ್ಬಿ. ಬರೀ ಹೋಗುವುದೋ, ಹೋಗಿಬರುವುದೋ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ, ಹೋಗಿಬರುವುದು. ಅಗ್ಗವಾಗುತ್ತದೆ ಎಂದು ತಿಳಿಸಿ ಹೇಳಿದೆ. ಯಾರ ಮುಖವೂ ಅರಳಲಿಲ್ಲ. ಖಾಸಗಿ ಮೋಟಾರಿನ ಕಾಲದಲ್ಲಿ ಒಂದಾಣೆಗೆ ಊರು ಒಂದು ಮಾಡುತ್ತಿದ್ದ ಜನ ಇವರೇ. ಆಗಲೇ ನನಗೆ ಅನುಮಾನ ಬರಬೇಕಾಗಿತ್ತು.

ಅವರಲ್ಲಿ ಒಬ್ಬ ಮಾತ್ರ ಒಂದು ಪ್ರಶ್ನೆ ಕೇಳಿದ. ಸಾವಳಗಿ ಕಡೆಯ ಕುರುಬರ ತರುಣ, ಹೆಗಲ ಮೇಲೆ ಕಂಬಳಿ, ಹಣೆಯ ಮೇಲೆ ಬೀರೇಶ್ವರನ ಭಂಡಾರ. "ಬರೂ ಸೀಟು ಪಕ್ಕಾ ಏನ್ರಿ?" ಎಂದ. ಪಕ್ಕಾ, ಸರಕಾರದ ಶಿಕ್ಕಾ ಇದೆಯಲ್ಲ ಎಂದು ನೀಲಿ ಕಾಗದದ ಮೇಲಿನ ಮುದ್ರೆ ತೋರಿಸಿದೆ. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ತಲೆಯ ರುಂಬಾಲಿನೊಳಗೆ ಸಿಕ್ಕಿಸಿಕೊಂಡ. ಕಟ್ಟಿನಲ್ಲಿದ್ದ ನೀಲಿ ಟಿಕೀಟು ಬಹುತೇಕ ಖರ್ಚಾದವು. ಸಾಹೇಬರು ಮೆಚ್ಚುತ್ತಾರೆ ಎಂದು ನಾನು ಬೀಳಗಿಯಲ್ಲಿ ಹೊಟ್ಟೆ ತುಂಬ ಉಂಡು ಮಲಗಿದೆ.

ಮರುದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಗಾಡಿಯ ಬಾಗಿಲಲ್ಲಿ ನಿಂತಿದ್ದೆ. ಮೊದಲು ಬಂದವನು ಅದೇ ಕುರುಬರ ತರುಣ, ಅವನ ಹಿಂದೆ ಹೊಸದಾಗಿ ಮದುವೆಯಾದ ತಂಗಿ. ಹಸಿರು ಸೀರೆ, ಉಡಿ ತುಂಬಿಸಿಕೊಂಡ ಭಾರಕ್ಕೆ ಸ್ವಲ್ಪ ಮುಂದೆ ಬಾಗಿದ್ದಳು. ಅವಳನ್ನು ಹತ್ತಿಸಿ, ಗಂಟು ಒಳಗಿಟ್ಟು, ಅವನು ಕೆಳಗೇ ನಿಂತ. ಟಿಕೀಟು ಕೇಳಿದೆ. ಅವಳು ಮುಷ್ಟಿ ಬಿಚ್ಚಿದಳು. ನಿನ್ನೆ ನಾನೇ ಪುರುಷ ಎಂಬುದರ ಮೇಲೆ ತೂತು ಹೊಡೆದ ನೀಲಿ ಕಾಗದ.

ಇದು ನಿನ್ನದು, ಅವಳದಲ್ಲ ಎಂದು ಅವನಿಗೆ ಹೇಳಿದೆ. ಅವನು ಬಾಡಗಂಡಿಗೆ ನಡೆದುಹೋಗಿ ಅಲ್ಲಿರುವ ದೊಡ್ಡಕ್ಕನನ್ನು ಕರೆದುಕೊಂಡು ಹಿಂದಿನಿಂದ ಬರುವವನಿದ್ದ. ನನ್ನ ಮಾತು ಅವನಿಗೆ ವಿಚಿತ್ರವಾಗಿ ಕಂಡಿತು. "ನಾ ಹೋದದ್ದು ಆಕೀ ಸಲುವಾಗೇ ಅಲ್ಲೇನ್ರಿ? ಬರೂದು ಆಕೀದು," ಎಂದ. ನಾನು ಉತ್ತರ ಹುಡುಕುವಷ್ಟರಲ್ಲಿ ಕಂಬಳಿಯನ್ನು ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಬಾಡಗಂಡಿ ದಾರಿ ಹಿಡಿದಿದ್ದ.

ಅವನೊಬ್ಬನೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ಹಿಂದಿನಿಂದ ಇನ್ನೊಬ್ಬ ತಂಗಿ, ಮತ್ತೊಬ್ಬ ಅಕ್ಕ, ಕಂಕುಳಲ್ಲಿ ಕೂಸು ಇದ್ದವಳು, ಬಸುರಿ. ಎಲ್ಲರ ಕೈಯಲ್ಲೂ ನೀಲಿ ಕಾಗದ, ಎಲ್ಲದರ ಮೇಲೂ ನನ್ನ ಪಂಚಿನ ಅದೇ ತೂತು. ಅಣ್ಣಂದಿರೆಲ್ಲ ಬೇರೆ ಬೇರೆ ಊರಿನ ಇನ್ನೊಬ್ಬ ಅಕ್ಕನನ್ನೋ ತಂಗಿಯನ್ನೋ ಕರೆಯಲು ಕಾಲುದಾರಿ ಹಿಡಿದುಬಿಟ್ಟಿದ್ದರು. ಕಳಿಸಲು ಬಂದ ಅತ್ತೆಮಾವಂದಿರು ಗಾಡಿಯ ಸುತ್ತ ನಿಂತಿದ್ದರು. ಕುರುಬರ ಹುಡುಗಿಯ ಮಾವ ಕೋಲೂರಿಕೊಂಡು ಕಿಟಕಿಯಲ್ಲೇ ಕಣ್ಣಿಟ್ಟಿದ್ದ. ಇಳಿಸಿದರೆ ಈ ಹೆಣ್ಣುಮಕ್ಕಳು ಹೊರಳಿ ಆ ಮನೆಗಳಿಗೇ ಹೋಗಬೇಕು. ಇಡೀ ದಿನಕ್ಕೆ ಇದೊಂದೇ ಗಾಡಿ. ಇಳಿಸದಿದ್ದರೆ ನನ್ನ ನೌಕರಿ.

ಡ್ರೈವರು ನನಗಿಂತ ಬಹಳ ದೊಡ್ಡವರು, ಖಾಸಗಿ ಮೋಟಾರಿನ ಕಾಲದಿಂದ ಗಾಡಿ ಹೊಡೆದವರು. ಹಾರ್ನ್ ಬಾರಿಸಿ ಬಾರಿಸಿ ಬೇಸತ್ತು ಇಳಿದು ಬಂದರು. ಸಂಗತಿ ಕೇಳಿ ನಕ್ಕರು. ಸ್ತ್ರೀ ಎಂಬುದರ ಮೇಲೂ ಒಂದೊಂದು ತೂತು ಹೊಡೆದುಬಿಡು, ಗಡಿಬಿಡಿಯಲ್ಲಿ ಎರಡು ಬಿದ್ದವು ಅಂತ ಹೇಳು ಎಂದರು. ನನಗೂ ಒಂದು ಕ್ಷಣ ಅದೇ ಸರಿ ಎನಿಸಿತು. ಒಂದು ಟಿಕೀಟನ್ನು ಪಂಚಿನ ಬಾಯಿಗೆ ಇಟ್ಟೂ ಬಿಟ್ಟಿದ್ದೆ. ಒಂದಕ್ಕಾದರೆ ಗಡಿಬಿಡಿ, ಗಾಡಿ ತುಂಬ ಗಡಿಬಿಡಿ ಎಂದರೆ ಯಾರು ನಂಬುತ್ತಾರೆ? ಕೈ ಹಿಂದೆಗೆದೆ. ಮುಂದಿನದನ್ನು ದಾರಿಯಲ್ಲಿ ನೋಡೋಣ ಎಂದು ಗಂಟೆ ಹೊಡೆದೆ. ಧೈರ್ಯದಿಂದ ಹೊಡೆದದ್ದಲ್ಲ, ಅಷ್ಟು ಜನ ಅತ್ತೆಯರ ಮುಂದೆ ಬಾಯಿ ಬಿಡಲು ಧೈರ್ಯವಿಲ್ಲದೆ ಹೊಡೆದದ್ದು.

ಗಾಡಿ ಹೊರಟಿತು. ಹೆಣ್ಣುಮಕ್ಕಳು ಊರು ದಾಟುವವರೆಗೆ ಗಪ್ಪಾಗಿದ್ದು, ಆಮೇಲೆ ಮಾತಿಗೆ ಕೂತರು. ಅವರ ನಗು ಏರುತ್ತಿತ್ತು, ನಾನು ರಸ್ತೆ ನೋಡುತ್ತ ನಿಂತಿದ್ದೆ. ಚೆಕ್ಕಿಂಗ್ ಸಾಹೇಬರ ಜೀಪು ಹಬ್ಬದ ದಿನಗಳಲ್ಲಿ ಮುಧೋಳದ ಹೊರಗೆ ಬೇವಿನ ಗಿಡಗಳ ಕೆಳಗೆ ನಿಲ್ಲುತ್ತದೆ ಎಂದು ಎಲ್ಲ ಕಂಡಕ್ಟರುಗಳಿಗೂ ಗೊತ್ತಿತ್ತು. ಎದುರಿಗೆ ಚಕ್ಕಡಿ ಕಂಡರೂ ಜೀಪೇ ಎನಿಸುತ್ತಿತ್ತು.

ಕಾಯಿದೆಯ ಹಾಳೆ ತೆಗೆದು ಓದಿದೆ. ಓದಿದ್ದನ್ನೇ ಮತ್ತೆ ಓದಿದೆ. ಹೆದರಿಕೆಯಲ್ಲಿ ಅಕ್ಷರಗಳು ಕಣ್ಣಿಗೆ ಬೀಳುತ್ತಿದ್ದವೇ ಹೊರತು ತಲೆಗೆ ಹೋಗುತ್ತಿರಲಿಲ್ಲ. ಕೊನೆಗೆ ನನಗೆ ನಾನೇ ಒಂದು ಪ್ರಶ್ನೆ ಹಾಕಿಕೊಂಡೆ. ಪೂರಾ ಟಿಕೀಟಿಗೂ ಹೋಗಿಬರುವ ಟಿಕೀಟಿಗೂ ವ್ಯತ್ಯಾಸವಾದರೂ ಏನು? ಪೂರಾ ಟಿಕೀಟು ಯಾರ ಕೈಯಲ್ಲಿದೆಯೋ ಅವರದು, ಅದಕ್ಕೆ ಗಂಡು ಹೆಣ್ಣು ಎಂಬುದಿಲ್ಲ. ಹೋಗಿಬರುವ ಟಿಕೀಟಿನಲ್ಲಿ ನಾನೇ ಮರಳಿ ಬರುತ್ತೇನೆ ಎಂದು ಮಾತು ಕೊಟ್ಟಿದ್ದಕ್ಕೆ ಸರಕಾರ ಕೆಲವು ಆಣೆ ಬಿಡುತ್ತದೆ. ಅಂದರೆ ಈ ಅಣ್ಣಂದಿರು ಮುರಿದದ್ದು ಆ ಮಾತನ್ನು. ಸರಕಾರಕ್ಕೆ ನಷ್ಟವಾದದ್ದು ಆ ಕೆಲವು ಆಣೆ ಮಾತ್ರ. ಅದನ್ನು ತುಂಬಿದರೆ ನೀಲಿ ಅರ್ಧ ಒಂದು ಪೂರಾ ಟಿಕೀಟಿಗೆ ಸಮ.

ತುಂಬಿಸಿಕೊಳ್ಳಲು ನನ್ನ ಪೆಟ್ಟಿಗೆಯಲ್ಲೇ ದಾರಿ ಇತ್ತು, ಫರಕಿನ ಟಿಕೀಟು. ಇಳಿಯಬೇಕಾದ ಊರು ದಾಟಿ ಮುಂದೆ ಹೋದವರಿಗೆ, ವಯಸ್ಸು ಮುಚ್ಚಿಟ್ಟು ಅರ್ಧ ಟಿಕೀಟಿನಲ್ಲಿ ಕುಳಿತ ಹುಡುಗರಿಗೆ ಕೊಡುವುದು. ಹಳೆಯ ಟಿಕೀಟು ವಾಪಸು ಪಡೆದು, ಉಳಿದ ಆಣೆ ಇಸಿದುಕೊಂಡು, ಫರಕಿನದು ಹರಿದುಕೊಡಬೇಕು. ನನಗೆ ಜೀವ ಬಂದಂತಾಯಿತು. ಕೂಸಿನ ತಾಯಿಯ ಹತ್ತಿರ ಹೋಗಿ ಆಣೆ ಕೇಳಿದೆ.

ಅವಳು ಸೆರಗು ಎಳೆದು ಉಡಿ ಮುಚ್ಚಿಕೊಂಡಳು. ರೊಕ್ಕ ಇತ್ತು, ಎಲ್ಲರ ಹತ್ತಿರವೂ ಇತ್ತು. ಆದರೆ ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬಿನ ಜೊತೆ ಅತ್ತೆ ಉಡಿಯಲ್ಲಿ ಕಟ್ಟಿದ ರೊಕ್ಕ. ತವರಿನ ಜಗಲಿಯ ದೇವರ ಮುಂದೆ ಕುಳಿತು ಬಿಚ್ಚಬೇಕಾದ ಉಡಿ. ನಡುದಾರಿಯಲ್ಲಿ, ಮೋಟಾರಿನಲ್ಲಿ, ಒಬ್ಬ ಕಂಡಕ್ಟರನ ಮುಂದೆ ಬಿಚ್ಚುವುದು ಹೇಗೆ? "ಊರಾಗ ಅಪ್ಪ ನಿಂತಿರತಾನ, ಅಂವ ಕೊಡ್ತಾನ್ರಿ," ಎಂದಳು. ಉಳಿದವರೂ ಒಬ್ಬೊಬ್ಬರಾಗಿ ಸೆರಗು ಸರಿಮಾಡಿಕೊಂಡರು. ನನ್ನ ತಾಯಿಯೇ ಆಗಿದ್ದರೂ ಬಿಚ್ಚುತ್ತಿರಲಿಲ್ಲ, ಒತ್ತಾಯ ಮಾಡುವ ಬಾಯಿ ನನಗೆ ಬರಲಿಲ್ಲ.

ಮುಧೋಳ ಹತ್ತಿರವಾಗುತ್ತಿತ್ತು. ಉಳಿದದ್ದು ಒಂದೇ ದಾರಿ, ಅದೂ ನೆಟ್ಟಗಿನದಲ್ಲ. ಆಣೆ ಇಸಿದುಕೊಳ್ಳದೆ ಫರಕಿನ ಟಿಕೀಟು ಕೊಟ್ಟುಬಿಡುವುದು. ಆಗ ಹೆಣ್ಣುಮಕ್ಕಳ ಟಿಕೀಟು ಸರಿಯಾಗುತ್ತದೆ, ಯಾರೂ ಅವರನ್ನು ಇಳಿಸಲಾರರು. ಕಡಿಮೆ ಬೀಳುವುದು ನನ್ನ ರೊಕ್ಕದ ಚೀಲದಲ್ಲಿ. ಚೀಲದಲ್ಲಿ ಕಡಿಮೆ ಬಿದ್ದರೂ ಅಪರಾಧವೇ, ಆದರೆ ಅದು ನನ್ನೊಬ್ಬನ ಅಪರಾಧ. ಇದಕ್ಕೆ ಕೊಡುವ ಶಿಕ್ಷೆ ಏನೆಂದು ಹಾಳೆಯಲ್ಲಿ ಬರೆದಿರಲಿಲ್ಲ, ಸಾಹೇಬರ ಮರ್ಜಿ. ಮನೆಗೆ ಕಳಿಸಿದರೂ ಕಳಿಸಬಹುದು. ಅಪ್ಪನ ಮುಖ ಕಣ್ಣ ಮುಂದೆ ಬಂತು. ಅದನ್ನು ನೋಡುತ್ತ ಕೂತರೆ ಕೈ ಏಳುವುದಿಲ್ಲ ಎಂದು ಡ್ರೈವರಿಗೆ ಗಾಡಿ ನಿಲ್ಲಿಸಲು ಹೇಳಿದೆ. ಕುಲುಕಾಟದಲ್ಲಿ ಬರೆದರೆ ಅಂಕಿ ತಪ್ಪುತ್ತವೆ.

ಒಂದು ಏರಿನ ಮೇಲೆ ಗಾಡಿ ನಿಂತಿತು. ಒಬ್ಬೊಬ್ಬರ ನೀಲಿ ಅರ್ಧ ತೆಗೆದುಕೊಂಡು, ಹಿಂದೆ ಕಾರಣ ಬರೆದು, ದಿನದ ಹಾಳೆಗೆ ಟಾಚಣಿ ಚುಚ್ಚಿ, ಫರಕಿನ ಟಿಕೀಟು ಕೊಡುತ್ತ ಬಂದೆ. ಟಾಚಣಿ ಎರಡು ಸಲ ನನ್ನ ಬೆರಳಿಗೇ ಚುಚ್ಚಿತು. ಎಲ್ಲರೂ ಕೊಟ್ಟರು. ಕೊನೆಗೆ ಕುರುಬರ ಹುಡುಗಿ ಉಳಿದಳು. ಅವಳು ಮುಷ್ಟಿ ಬಿಚ್ಚಲಿಲ್ಲ.

ಬೇರೆ ಟಿಕೀಟು ಕೊಡುತ್ತೇನೆ, ಇದು ಅದಕ್ಕಿಂತ ಛಲೋದು ಎಂದು ಹೇಳಿದೆ. ಉಳಿದವರೂ ಹೇಳಿದರು. ಇಲ್ಲ ಎಂದು ತಲೆಯಾಡಿಸಿದಳು. ನಾನು ಸ್ವಲ್ಪ ಗದರಿದೆ, ಹೆದರಿದವನಿಗೆ ಸಿಟ್ಟು ಬೇಗ. ಆಗ ಅವಳು ತಲೆ ಎತ್ತಿದಳು.

"ಇದನ್ನ ನೋಡಿ ನಮ್ಮ ಮಾವ ಹೂಂ ಅಂದಾರ್ರಿ. ಹೊಳ್ಳಿ ಹೋದಾಗ ಇದನ್ನ ತೋರಿಸಂದಾರ. ಕೊಟ್ಟರ ಮುಂದಿನ ಸಲ ಕಳಿಸಂಗಿಲ್ಲ."

ನನಗೆ ತಿಳಿಯಲಿಲ್ಲ. ಕೂಸಿನ ತಾಯಿ ಬಿಡಿಸಿ ಹೇಳಿದಳು. ಸೊಸೆಯನ್ನು ಕಳಿಸಲು ಮನಸ್ಸಿಲ್ಲದ ಮನೆಯವರು ನೇರವಾಗಿ ಇಲ್ಲ ಎನ್ನುವುದಿಲ್ಲ. ಹಬ್ಬದಾಗ ಮೋಟಾರಿನಲ್ಲಿ ಜಾಗ ಎಲ್ಲಿ ಸಿಗುತ್ತದೆ, ಮಳೆಯಲ್ಲಿ ರಸ್ತೆ ಮೇಲೆ ನಿಲ್ಲುವುದು ಯಾಕೆ, ಮುಂದೆ ನೋಡೋಣ ಎನ್ನುತ್ತಾರೆ. ಅಣ್ಣ ಉಂಡಿಯ ಡಬ್ಬಿ ಇಟ್ಟು ಬರಿಗೈಯಲ್ಲಿ ಮರಳುತ್ತಾನೆ. ಈ ಸಲ ಅಣ್ಣಂದಿರು ಸರಕಾರದ ಶಿಕ್ಕಾ ಇದ್ದ ಕಾಗದ ಮುಂದೆ ಹಿಡಿದು, ಸೀಟಿಗೆ ರೊಕ್ಕ ಕೊಟ್ಟಾಗಿದೆ, ಕಳಿಸಿರಿ ಎಂದರು. ಕೊಟ್ಟ ರೊಕ್ಕ ನೀರಾಗುತ್ತದಲ್ಲ ಎಂದು ಅತ್ತೆಮಾವಂದಿರು ಹೂಂ ಎಂದರು. ಈ ಹುಡುಗಿಯ ಮಾವನಿಗೆ ಅವಳು ಆ ಸೀಟಿನಲ್ಲೇ ಹೋದಳೆಂಬ ಗುರುತೂ ಬೇಕು.

ಆಗ ನನಗೆ ನಿನ್ನೆಯ ಮುಖಗಳು ಅರ್ಥವಾದವು. ಅವರಿಗೆ ಅಗ್ಗ ಬೇಕಾಗಿರಲಿಲ್ಲ. ಎರಡರಷ್ಟು ಕೇಳಿದ್ದರೂ ಕೊಡುತ್ತಿದ್ದರು. ಟಿಕೀಟಿನ ಬಗೆಗಳನ್ನೆಲ್ಲ ಬಾಯಿಪಾಠ ಮಾಡಿದ್ದ ನಾನು, ಏನು ಮಾರಿದೆ ಎಂಬುದನ್ನೇ ತಿಳಿಯದೆ ಮಾರಿದ್ದೆ. ಆ ಹುಡುಗಿಗೆ ಫರಕಿನ ಟಿಕೀಟು ಕೊಟ್ಟೆ. ನೀಲಿ ಅರ್ಧದ ಒಂದು ಮೂಲೆ ಹರಿದು, ಇನ್ನು ನಡೆಯದು ಎಂದು ಅಡ್ಡ ಬರೆದು, ಅವಳ ಕೈಯಲ್ಲೇ ಬಿಟ್ಟೆ. ಕಾಯಿದೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಜೀಪು ಬೇವಿನ ಗಿಡಗಳ ಕೆಳಗೇ ಇತ್ತು. ಚೆಕ್ಕಿಂಗ್ ಸಾಹೇಬರು ಟೋಪಿಯ ನೀರು ಝಾಡಿಸಿ ಒಳಗೆ ಬಂದರು. ಕಡಿಮೆ ಮಾತಿನ ಮನುಷ್ಯ. ಒಂದೊಂದೇ ಟಿಕೀಟು ನೋಡಿದರು. ಗಾಡಿ ತುಂಬ ಫರಕಿನ ಟಿಕೀಟು ಕಂಡು ಹುಬ್ಬೇರಿಸಿದರು. ಟಾಚಣಿ ಚುಚ್ಚಿದ ನೀಲಿ ಅರ್ಧಗಳನ್ನು ಎಣಿಸಿದರು, ಒಂದು ಕಡಿಮೆ. ಚೀಲ ಸುರುವಿ ನೋಡಿದರು, ಅದೂ ಕಡಿಮೆ. ಏನಿದು ಎಂದು ಕೇಳಿದರು. ನಿನ್ನೆ ಮುಂಜಾನೆಯಿಂದ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಸುಳ್ಳು ಹೇಳುವಷ್ಟು ತ್ರಾಣ ಉಳಿದಿರಲಿಲ್ಲ.

ಅವರು ಹುಡುಗಿಯ ಮುಂದೆ ಕೈ ಚಾಚಿದರು. ಅವಳು ಕಣ್ಣು ತುಂಬಿಕೊಂಡು ಮುಷ್ಟಿ ಬಿಚ್ಚಿದಳು. ಹರಿದ ಮೂಲೆ, ಪುರುಷನ ತೂತು, ನನ್ನ ಅಡ್ಡ ಬರಹ, ಎಲ್ಲ ನೋಡಿದರು. ಆಮೇಲೆ ಅದನ್ನು ಅವಳಿಗೇ ಮರಳಿ ಕೊಟ್ಟು, ಜೋಪಾನ ಮಾಡಿಕೋ ಎಂದು ಮರಾಠಿಯಲ್ಲಿ ಹೇಳಿದರು. ನನ್ನ ಕಡೆ ತಿರುಗಿ ಪೆನ್ಸಿಲ್ ತೆಗೆದರು.

"ಹೆಣ್ಮಕ್ಕಳ ಟಿಕೀಟು ಬರೋಬರಿ ಅದಾವ. ನಿಂದ ಬರೋಬರಿ ಇಲ್ಲ."

ರಿಪೋರ್ಟು ಬರೆದು ನನ್ನ ಸಹಿ ತೆಗೆದುಕೊಂಡು ಇಳಿದರು. ಮುಧೋಳದಲ್ಲಿಯೂ ಜಮಖಂಡಿಯಲ್ಲಿಯೂ ಕರೆದೊಯ್ಯಲು ಬಂದ ತಂದೆಯರು ತಮ್ಮ ಮಗಳ ಆಣೆ ಕೊಟ್ಟರು. ಆದರೆ ಸಹಿಯಾದ ರಿಪೋರ್ಟಿನಲ್ಲಿ ಚೀಲ ಕಡಿಮೆಯೇ ಇತ್ತು.

ಮುಂದಿನ ದಿನಗಳಲ್ಲಿ ಡ್ಯೂಟಿಗೆ ಹೋದಾಗಲೆಲ್ಲ ಇವತ್ತೇ ಕರೆ ಬರುತ್ತದೆ ಎನಿಸುತ್ತಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಅಪ್ಪ ನನ್ನ ಖಾಕಿ ಅಂಗಿಯನ್ನು ಹಾಸಿಗೆಯ ಕೆಳಗೆ ಮಡಿಸಿ ಇಸ್ತ್ರಿ ಮಾಡುವುದನ್ನು ನೋಡಲಾಗದೆ ಹೊರಗೆ ಎದ್ದು ಹೋಗುತ್ತಿದ್ದೆ. ಕಡೆಗೆ ಡಿಪೋ ಸಾಹೇಬರು ಕರೆಸಿದರು. ಹೋಗಿಬರುವ ಟಿಕೀಟು ಎಂದರೇನು ಹೇಳು ಎಂದರು. ಕಾಯಿದೆ ಒಪ್ಪಿಸಿದೆ. ಗೊತ್ತಿದ್ದೂ ಮಾಡಿದೆಯಾ ಎಂದರು. ಹೌದು ಎಂದೆ. ಅವರು ಚೆಕ್ಕಿಂಗ್ ಸಾಹೇಬರ ಬರಹವನ್ನು ಮತ್ತೊಮ್ಮೆ ಓದಿದರು. ಅದರಲ್ಲಿ ಏನಿತ್ತೋ ನನಗೆ ಗೊತ್ತಾಗಲಿಲ್ಲ. ಮನೆಗೆ ಕಳಿಸಲಿಲ್ಲ. ದಸರೆಗೆ ಪಕ್ಕಾ ಆಗಬೇಕಾಗಿದ್ದ ನೌಕರಿ ಇನ್ನೂ ಒಂದು ವರ್ಷ ಕಚ್ಚಾ ಉಳಿಯಿತು. ಇನ್ನೊಂದು ರಿಪೋರ್ಟು ಬಂದರೆ ಕೇಳುವುದಿಲ್ಲ, ಪೆಟ್ಟಿಗೆ ಇಟ್ಟು ಹೋಗುವುದೇ ಎಂದರು. ನಮ್ಮ ಮಾರ್ಗದಲ್ಲಿ ನೀಲಿ ಟಿಕೀಟು ಬಂದ್ ಆಯಿತು.

ಮರುವರ್ಷ ಪಂಚಮಿ ಬಂತು. ಜಮಖಂಡಿಯಲ್ಲಿ ಗಾಡಿ ತುಂಬ ಮತ್ತೆ ಅಣ್ಣತಮ್ಮಂದಿರು, ಉಂಡಿಯ ಡಬ್ಬಿ. ರಬಕವಿಯ ಒಬ್ಬ ನೇಕಾರ ಹುಡುಗ, ತಂಗಿಯ ಮದುವೆಯಾದ ಮೇಲೆ ಮೊದಲ ಪಂಚಮಿಗೆ ಹೊರಟವನು, ನೀಲಿ ಟಿಕೀಟು ಕೇಳಿದ. ಬಂದ್ ಆಗಿದೆ ಎಂದು ಬಿಳಿಯದು ಹರಿದೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಹಂಗಾರ ಅವರ ಮುಂದ ಏನ ಹಿಡೀಲಿರಿ?"

ನಾನು ಮುಂದಿನ ಸೀಟಿಗೆ ಸರಿದೆ. ಆದರೆ ಬೀಳಗಿಯವರೆಗೆ ಆ ಮಾತು ಕಿವಿ ಬಿಡಲಿಲ್ಲ. ಊರು ಬಂತು, ಎಲ್ಲರೂ ಇಳಿದರು, ಅವನು ಡಬ್ಬಿ ಹಿಡಿದು ಗಾಡಿಯ ಪಕ್ಕದಲ್ಲೇ ನಿಂತಿದ್ದ. ಇನ್ನೂ ಹೊತ್ತು ಮುಳುಗಿರಲಿಲ್ಲ. ನಾನು ಪೆಟ್ಟಿಗೆಗೆ ಕೀಲಿ ಹಾಕಿದೆ, ಹಾಕಿದೆನೋ ಇಲ್ಲವೋ ಎಂದು ಎಳೆದು ನೋಡಿದೆ. ಟೋಪಿ ಸರಿಮಾಡಿಕೊಂಡು, ಎದೆಯ ಮೇಲಿನ ಬಿಲ್ಲೆಯನ್ನು ತೋಳಿನಿಂದ ಒರೆಸಿ, ಮನೆ ತೋರಿಸು ನಡಿ ಎಂದೆ.

ಅವನ ತಂಗಿಯ ಮಾವ ಕಟ್ಟೆಯ ಮೇಲೆ ಕುಳಿತಿದ್ದರು. ಖಾಕಿ ಕಂಡು ಎದ್ದು ನಿಂತರು, ಏನು ತಕರಾರೋ ಎಂದುಕೊಂಡಿರಬೇಕು. ನಾಳೆ ಮುಂಜಾನೆಯ ಗಾಡಿಯಲ್ಲಿ ನಿಮ್ಮ ಸೊಸೆಗೆ ಸೀಟು ಇಟ್ಟಿದೆ ಎಂದು ಹೇಳಿದೆ. ಅವರು ನನ್ನನ್ನೂ ಹುಡುಗನನ್ನೂ ನೋಡಿ, ಟಿಕೀಟು ಎಲ್ಲಿ ಎಂದು ಕೇಳಿದರು.

"ಟಿಕೀಟು ನಾಳೆ ಹರೀತೀನ್ರಿ. ಸೀಟು ಮಾತ್ರ ಐತಿ. ನಾ ಹೇಳಾಕ ಬಂದೀನಲ್ಲರಿ."

ಅವರು ಬಿಲ್ಲೆಯನ್ನು ನೋಡಿದರು. ಆಮೇಲೆ ಒಳಗೆ ತಿರುಗಿ, ಗಂಟು ಕಟ್ಟಿಕೋ ಎಂದು ಸೊಸೆಗೆ ಕೂಗಿ ಹೇಳಿದರು.

ಮುಂಗಡ ಸೀಟು ಹಿಡಿಯುವ ಅಧಿಕಾರ ಯಾವ ಕಂಡಕ್ಟರನಿಗೂ ಇರಲಿಲ್ಲ, ಕಚ್ಚಾ ಕಂಡಕ್ಟರನಿಗಂತೂ ಮೊದಲೇ ಇಲ್ಲ. ಇಂಥ ಮನೆಗಳು ಆ ಊರಲ್ಲಿ ಇನ್ನೂ ಎಷ್ಟಿದ್ದವೋ. ಕೊಡಲು ನನ್ನ ಹತ್ತಿರ ಇದ್ದದ್ದು ಒಂದೇ ಸೀಟು, ಬಾಗಿಲ ಪಕ್ಕದ ಕಂಡಕ್ಟರನ ಸೀಟು. ಮರುದಿನ ಅವಳನ್ನು ಅದರಲ್ಲಿ ಕೂರಿಸಿ, ಬಿಳಿ ಟಿಕೀಟು ಹರಿದು ಕೊಟ್ಟು, ಜಮಖಂಡಿಯವರೆಗೆ ನಾನು ನಿಂತು ಬಂದೆ.